ಹಿಂದೆ ಬರುವವರಿಗೊಂದು ದೀಪ

ನವೆಂಬರ್ ಬಂತೆಂದರೆ ನಮ್ಮ ಸಿಯಾಟಲ್ ಕಡೆ ನಾಲ್ಕೂವರೆಗೆಲ್ಲ ಕತ್ತಲು. ಮೇಲೆ ಜಿನುಗು ಮಳೆ. ಆ ಶನಿವಾರವೂ ಹಾಗೇ ಇತ್ತು. ವುಡಿನ್‌ವಿಲ್‌ನ ಒಬ್ಬರ ಮನೆಯಲ್ಲಿ ಗಮಕ ವಾಚನ ಮುಗಿದಿತ್ತು. ಪದ್ಯ ಇನ್ನೂ ಕಿವಿಯಲ್ಲಿರುವಾಗಲೇ ಎಲ್ಲರೂ ಪ್ರಸಾದದ ಡಬ್ಬಿ ಹಿಡಿದು ಕಾರು ಹತ್ತಿದರು.

ಭಾನುಮತಿ ಮತ್ತು ಅವರ ಗಂಡ ಚಂದ್ರಶೇಖರ್ ತಮ್ಮ ಹಳೆಯ ಕಾರಿನಲ್ಲಿ ಮುಂದೆ ಹೊರಟರು. ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ಅವರದೇ ಅಪಾರ್ಟ್‌ಮೆಂಟಿನಲ್ಲಿರುವ ಗೌರಾದೇವಿ ತಮ್ಮ ವ್ಯಾನಿನಲ್ಲಿ ಹಿಂದೆ ಬಂದರು. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಇಳಿದವರೇ ಗೌರಾದೇವಿ ನೇರ ಭಾನುಮತಿಯ ಹತ್ತಿರ ಬಂದರು.

"ಭಾನು, ನಿಮ್ಮ ಕಾರನ್ನ ನಾನು ಬೈಕ್ ಅನ್ಕೊಂಡೆ," ಎಂದರು. "ಎಡಗಡೆ ದೀಪಾನೇ ಇಲ್ಲ. ಬಲಗಡೆ ಒಂದೇ ಕೆಂಪು ಚುಕ್ಕೆ. ಬೈಕ್ ಆ ಕಡೆ ಹೋಗ್ತಿದೆ, ಈ ಕಡೆ ಜಾಗ ಇದೆ ಅಂತ ನುಗ್ಗೋಕೆ ಹೋದೆ. ವೈಪರ್ ಒರೆಸಿದಾಗ ನಿಮ್ಮ ಡಿಕ್ಕಿ ಕಾಣಿಸ್ತು ನೋಡಿ, ಬ್ರೇಕ್ ತುಳಿದೆ."

ಭಾನುಮತಿ ಕಾರಿನ ಹಿಂದೆ ಹೋಗಿ ಆ ದೀಪ ನೋಡಿದರು. ವಾರವಿಡೀ ಬೆಳಕು ಹರಿಯುವ ಮೊದಲೇ ಇದೇ ಕಾರಿನಲ್ಲಿ ಒಬ್ಬರೇ ಕೆಂಟ್‌ಗೆ ಹೋಗುವವರು ಅವರು. ಅಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ದಾರಿಯುದ್ದಕ್ಕೂ ಬೆನ್ನ ಹಿಂದೆ ದೊಡ್ಡ ದೊಡ್ಡ ಲಾರಿಗಳು.

ಚಂದ್ರಶೇಖರ್ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಹೋದ ವಾರವೇ ತಾನು ಬಲ್ಬ್ ಬದಲಾಯಿಸಿದ್ದೇನೆ, ಆದರೂ ಉರಿಯಲಿಲ್ಲ, ಅಂದರೆ ವೈರಿಂಗೇ ಹೋಗಿದೆ ಎಂದರು. ಹೇಗೂ ಬೇಸಿಗೆಗೆ ಕಾರು ಮಾರುವುದಿದೆಯಂತೆ. ಅಲ್ಲಿಯವರೆಗೆ ಬಲಗಡೆಯದು ಉರಿದರೆ ಸಾಕಂತೆ.

"ಅಷ್ಟು ಗಾಡಿ ಓಡ್ತಿರುತ್ತೆ, ನಮ್ಮ ಲೈಟು ಯಾರು ನೋಡ್ತಾರೆ ಗೌರಾ ಅವರೇ?"

"ಲಾರಿಯವನು ನೋಡ್ತಾನೆ. ಆ ದೀಪ ಇರೋದು ನಿಮಗಲ್ಲ, ಅವನಿಗೆ."

ಭಾನುಮತಿ ಗಂಡನ ಕೈಯಿಂದ ಕಾರಿನ ಕೀ ತೆಗೆದುಕೊಂಡರು. "ಎರಡೂ ಉರಿಯೋವರೆಗೂ ಈ ಕಾರು ಗೇಟ್ ದಾಟಲ್ಲ ರೀ. ಸೋಮವಾರ ನಾನು ಕೆಲಸಕ್ಕೆ ಹೋಗಲೇಬೇಕು. ನಾಳೆ ಬಿಚ್ಚಿ ನೋಡೇ ಬಿಡ್ತೀನಿ."

ಭಾನುವಾರ ಸ್ನಾನ, ಪೂಜೆ ಮುಗಿಸಿ ಭಾನುಮತಿ ಕೆಳಗೆ ಬಂದರು. ತಮ್ಮ ಹಳೆಯ ವ್ಯಾನನ್ನು ಎಷ್ಟೋ ವರ್ಷದಿಂದ ತಾವೇ ನೋಡಿಕೊಳ್ಳುವ ಗೌರಾದೇವಿ ಸ್ಕ್ರೂಡ್ರೈವರ್ ತಂದಿದ್ದರು. ಚಂದ್ರಶೇಖರ್ ಕಾಫಿ ಲೋಟ ಹಿಡಿದು ನಿಂತು, ಇವತ್ತು ಲೈಟು, ನಾಳೆ ಇಂಜಿನ್ನೋ ಎಂದು ಕೆಣಕಿದರು. ಕಾಫಿ ಮುಗಿಸಿ, ಆಮೇಲೆ ನಿಮ್ಮ ಕೈಗೂ ಕೆಲಸವಿದೆ ಎಂದರು ಗೌರಾದೇವಿ.

ಮೊದಲು ಲೈಟಿನ ಗುಂಡಿಯನ್ನು ಕೈಯಿಂದಲೇ ಪೂರ್ತಿ ತಿರುಗಿಸಲು ಹೇಳಿದರು. ಎಷ್ಟೋ ಕಾರುಗಳಲ್ಲಿ ಮುಂದಿನ ದೀಪ ತಾನಾಗಿಯೇ ಉರಿಯುತ್ತದೆ, ಹಿಂದಿನದು ಉರಿಯುವುದಿಲ್ಲ. ಓಡಿಸುವವರು ಎದುರಿನ ಬೆಳಕು ನೋಡಿ ಎಲ್ಲ ಸರಿ ಎಂದುಕೊಳ್ಳುತ್ತಾರೆ.

"ಹಿಂದೆ ಎರಡೂ ಆರಿದ್ರೆ ಮೊದಲು ಫ್ಯೂಸ್ ನೋಡ್ಬೇಕು. ಹೊಸದು ಹಾಕೋವಾಗ ಅದೇ ನಂಬರಿಂದೇ ಹಾಕ್ಬೇಕು, ದೊಡ್ಡದು ಹಾಕಿದ್ರೆ ವೈರ್ ಸುಡುತ್ತೆ. ಒಂದೇ ಕಡೆ ಆರಿದ್ರೆ ಸಾಮಾನ್ಯವಾಗಿ ಬಲ್ಬು, ಇಲ್ಲ ಹೋಲ್ಡರು."

ಲೈಟ್ ಆರಿಸಿ, ಸ್ಕ್ರೂ ಬಿಚ್ಚಿ, ಎರಡೂ ಕಡೆಯ ಬಲ್ಬುಗಳನ್ನು ಅದಲು ಬದಲು ಮಾಡಿದರು. ಲೈಟ್ ಹಾಕಿದಾಗ ಎಡಗಡೆಯ ಬಲ್ಬ್ ಬಲಗಡೆ ಹೋಗಿ ಚೆನ್ನಾಗಿಯೇ ಉರಿಯಿತು. ಬಲಗಡೆ ಉರಿಯುತ್ತಿದ್ದದ್ದು ಎಡಗಡೆಗೆ ಬಂದು ಸುಮ್ಮನಾಯಿತು. ಹಾಗಾದರೆ ಬಲ್ಬಿನ ತಪ್ಪಿಲ್ಲ.

ಲೈಟ್ ಮತ್ತೆ ಆರಿಸಿ ಭಾನುಮತಿ ಹೋಲ್ಡರಿನೊಳಗೆ ಫೋನಿನ ಟಾರ್ಚ್ ಬಿಟ್ಟರು. ನೀರಿಳಿದು ಲೋಹವೆಲ್ಲ ಹಸಿರು ಹಿಡಿದಿತ್ತು. ಸುತ್ತ ಕೆಂಪಗೆ ಏನೋ ಒಣಗಿ ಹಕ್ಕಳೆಗಟ್ಟಿತ್ತು. ಮಳೆ ನೀರಿಗೆ ಬಣ್ಣವೆಲ್ಲಿಂದ ಬಂತು? ಅವರು ತಿರುಗಿ ಗಂಡನ ಮುಖ ನೋಡಿದರು. ಚಂದ್ರಶೇಖರ್ ಲೋಟ ಕೆಳಗಿಟ್ಟರು.

ಪ್ರತಿ ಆಯುಧಪೂಜೆಗೆ ಕಾರಿಗೆ ಆರತಿ ಎತ್ತುವವರು ಅವರೇ. ಅರಿಶಿನ, ಸುಣ್ಣ ಕದಡಿದ ಕೆಂಪು ನೀರು. ಹಿಂದೊಮ್ಮೆ ಅದನ್ನು ಚೆಲ್ಲಿ ನೆಲ ಕಲೆಯಾಯಿತೆಂದು ಅಪಾರ್ಟ್‌ಮೆಂಟಿನ ಆಫೀಸಿನವರು ಗದರಿದ್ದರು. ಅಂದಿನಿಂದ ಅವರು ಕೆಳಗೆ ಬಕೆಟ್ ಇಟ್ಟು, ನೀರನ್ನು ಕಾರಿನ ಹಿಂಬದಿಯ ಮೇಲೆ ಮೆಲ್ಲಗೆ ಇಳಿಸುತ್ತಿದ್ದರು. ಬಲಗಡೆ ಕಂಬ ಅಡ್ಡ, ಹಾಗಾಗಿ ಯಾವಾಗಲೂ ಎಡಗಡೆಗೇ. ಆ ದೀಪದ ಕವರಿನಲ್ಲಿ ಕೂದಲೆಳೆಯಂಥ ಬಿರುಕಿತ್ತು. ಆರತಿ ನೀರು ಹೋದ ದಾರಿಯಲ್ಲೇ ಮಳೆ ನೀರೂ ಹೋಗಿತ್ತು.

"ದೃಷ್ಟಿ ತಾಗದಿರಲಿ ಅಂತ ಮಾಡಿದ್ದು," ಎಂದರು ಚಂದ್ರಶೇಖರ್, ತೀರ ಸಣ್ಣ ದನಿಯಲ್ಲಿ. "ಇವಳು ಒಬ್ಬಳೇ ಹೋಗ್ತಾಳಲ್ಲ ಅಂತ."

ಯಾರೂ ನಗಲಿಲ್ಲ. ಗೌರಾದೇವಿ ಒಂದು ಹಳೆಯ ಹಲ್ಲುಜ್ಜುವ ಬ್ರಷ್ ಅವರ ಕೈಗೆ ಕೊಟ್ಟರು. "ಆರತಿ ಬಿಡಬೇಡಿ. ನೀರನ್ನ ಗಿಡದ ಬುಡಕ್ಕೆ ಹಾಕಿ. ಈಗ ಇದನ್ನ ಉಜ್ಜಿ."

ಅವರು ಉಜ್ಜಿದರು. ಲೋಹ ಹೊಳೆಯುವವರೆಗೆ, ದೇವರ ಸಾಮಾನು ತಿಕ್ಕುವ ಹಾಗೆ ಉಜ್ಜಿದರು. ವಿದ್ಯುತ್ ಭಾಗ ಶುಚಿ ಮಾಡುವ ಸ್ಪ್ರೇ ಹೊಡೆದು ಒಣಗಲು ಬಿಟ್ಟರು. ಹೋಲ್ಡರ್ ಕರಗಿದ್ದರೆ, ವೈರ್ ಕಪ್ಪಾಗಿದ್ದರೆ ಮನೆಯಲ್ಲಿ ಕೈ ಹಾಕದೆ ಮೆಕ್ಯಾನಿಕ್ ಹತ್ತಿರ ಹೋಗಬೇಕು ಎಂದು ಗೌರಾದೇವಿ ಎಚ್ಚರಿಸಿದರು. ಇಲ್ಲಿ ಹಾಗೇನೂ ಆಗಿರಲಿಲ್ಲ. ಬಿರುಕಿಗೆ ಸದ್ಯಕ್ಕೆ ದೀಪಕ್ಕೆಂದೇ ಸಿಗುವ ಕೆಂಪು ಟೇಪು ಅಂಟಿಸಿ, ಹೊಸ ಕವರ್ ತರಿಸುವುದೆಂದು ಮಾತಾಯಿತು.

ಬಲ್ಬುಗಳನ್ನು ಮತ್ತೆ ಕೂರಿಸಿದ ಮೇಲೆ ಭಾನುಮತಿ ಒಳಗೆ ಕೂತು ಗುಂಡಿ ತಿರುಗಿಸಿದರು. ಗಂಡ ಹಿಂದೆ ನಿಂತು ಬಗ್ಗಿ ನೋಡಿದರು.

"ಎರಡೂ ಉರೀತಿದೆ ಭಾನು," ಎಂದರು. "ಬ್ರೇಕ್ ತುಳಿ. ಹ್ಞಾಂ. ಇಂಡಿಕೇಟರ್ ಹಾಕು. ಇನ್ನೊಂದು ಕಡೆ."

ಸೋಮವಾರ ಕತ್ತಲಲ್ಲೇ ಭಾನುಮತಿ ಹೊರಟಾಗ, ಕರೆಯದಿದ್ದರೂ ಚಂದ್ರಶೇಖರ್ ಸ್ವೆಟರ್ ಹಾಕಿಕೊಂಡು ಕೆಳಗಿಳಿದು ಬಂದರು. ಕಾರಿನ ಹಿಂದೆ ನಿಂತು ನೋಡಿ ಕೈ ಎತ್ತಿದರು. ಎರಡು ಕೆಂಪು ದೀಪಗಳು ಮಳೆಯಲ್ಲಿ ಗೇಟ್ ದಾಟಿ ತಿರುವಿನವರೆಗೂ ಸ್ಪಷ್ಟವಾಗಿ ಕಂಡವು.

ಬಂಧುಗಳೇ, ದೇವರ ಮುಂದಿನ ದೀಪದಲ್ಲಿ ಎಣ್ಣೆ ಇದೆಯೇ, ಬತ್ತಿ ನೆಟ್ಟಗಿದೆಯೇ ಎಂದು ದಿನವೂ ಬಗ್ಗಿ ನೋಡುತ್ತೇವೆ. ಕಾರಿನ ಹಿಂದಿನ ದೀಪ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಇಂದು ಸಂಜೆ ಲೈಟ್ ಹಾಕಿ, ಇಳಿದು, ಹಿಂದೆ ಹೋಗಿ ನಿಲ್ಲಿ. ಬ್ರೇಕ್ ತುಳಿಯಲು ಪಕ್ಕದ ಮನೆಯವರನ್ನು ಕರೆಯಿರಿ. ಒಂದು ಆರಿದ್ದರೂ ನಾಳೆಗೆ ಬಿಡಬೇಡಿ. ನಿಮ್ಮವರು ಮನೆಗೆ ಬರುವ ದಾರಿಯಲ್ಲಿ ಅವರ ಹಿಂದೆಯೂ ಯಾರೋ ಬರುತ್ತಿರುತ್ತಾರೆ. ಅವರಿಗೆ ಕಾಣಲಿ.