ಹೊಂದದ ಉತ್ತರಗಳು

ಬಾಲಿಗಂಜ್‌ನ ಖಾಸಗಿ ಮ್ಯಾನೇಜ್‌ಮೆಂಟ್ ಕಾಲೇಜೊಂದರಲ್ಲಿ ಮೈಸೂರಿನ ನರಹರಿ ಸಂಶೋಧನಾ ವಿಧಾನ ಕಲಿಸುತ್ತಿದ್ದ. ವರ್ಷದ ಕೊನೆಗೆ ಅವನ ಪಾಠಕ್ಕೆ ವಿದ್ಯಾರ್ಥಿಗಳೇ ಅಂಕ ಕೊಟ್ಟರು. ನಲವತ್ತರಲ್ಲಿ ಮೂವತ್ತೇಳು ಮಂದಿ ಐದಕ್ಕೆ ಒಂದು ಕೊಟ್ಟಿದ್ದರು. ಮೂವರು ಮಾತ್ರ ಐದಕ್ಕೆ ಐದು. ನರಹರಿಯ ಮುಖ ಹುಳ್ಳಗಾಯಿತು. ಮನೆಗೆ ಬಂದವನೇ ಆ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರವಿದ. ಹೆಂಡತಿ ಶೋಭನಾ ಲೇಕ್ ಮಾರ್ಕೆಟ್ಟಿನ ನುಗ್ಗೆಕಾಯಿಯ ಸಾರು ಬಡಿಸುತ್ತಿದ್ದಳು.

“ಮಿಕ್ಕವುಗಳ ಜೊತೆ ಹೊಂದದ ಉತ್ತರಗಳನ್ನ ಲೆಕ್ಕದಿಂದ ತೆಗೀಬಹುದು ಕಣೇ. ಶಾಸ್ತ್ರದಲ್ಲೇ ಇದೆ.”

“ಹಾಗಾದ್ರೆ ತೆಗೀಬೇಕಾದ್ದು ಆ ಮೂರನ್ನಲ್ವೇನ್ರೀ?”

“ನಿಂಗೆ ಸಂಖ್ಯಾಶಾಸ್ತ್ರ ಗೊತ್ತಾಗಲ್ಲ, ಸುಮ್ನಿರು,” ಎಂದ ನರಹರಿ ಮೂವತ್ತೇಳು ಹಾಳೆಗಳನ್ನು ಪಕ್ಕಕ್ಕೆ ತಳ್ಳಿ, ಸರಾಸರಿ ಐದು ಎಂದು ವರದಿ ಕಳಿಸಿದ.

ನಿರ್ದೇಶಕ ಘೋಷಾಲ್ ಹಿಗ್ಗಿಹೋಗಿ ಸನ್ಮಾನವನ್ನೇ ಏರ್ಪಡಿಸಿದರು. ಹಾರ ಹಾಕಲು, ವರದಿಯಲ್ಲಿ ಹೆಸರಿದ್ದ, ಐದು ಅಂಕ ಕೊಟ್ಟವರನ್ನೇ ವೇದಿಕೆಗೆ ಕರೆದರು. ವರ್ಷವಿಡೀ ತರಗತಿಯ ಹೊಸಿಲು ತುಳಿಯದ ಆ ಮೂವರು ನಗುನಗುತ್ತಾ ಬಂದು, ಮೂರೂ ಹಾರಗಳನ್ನು ಘೋಷಾಲರ ಕೊರಳಿಗೆ ಹಾಕಿ, “ಥ್ಯಾಂಕ್ ಯೂ, ನರಹರಿ ಸರ್!” ಎಂದರು.

ಪಕ್ಕದಲ್ಲಿ ನರಹರಿ ಹಾರಕ್ಕಾಗಿ ತಲೆ ಬಗ್ಗಿಸಿಕೊಂಡೇ ನಿಂತಿದ್ದ.