ಶಾರ್ಜಾದ ದುಡ್ಡು, ಸುಲ್ತಾನ್‌ಪೇಟೆಯ ಯಂತ್ರ

೧೯೯೮ರ ಆಷಾಢ. ಸುಲ್ತಾನ್‌ಪೇಟೆಯ ಮುದ್ರಣದ ಅಂಗಡಿಯ ಮಾಲೀಕ ಶಿವರುದ್ರಪ್ಪನವರು, ಲಗ್ನಪತ್ರಿಕೆಯ ಮೇಲೆ ಚಿನ್ನದ ಬಣ್ಣದ ಅಕ್ಷರ ಒತ್ತುವ ಯಂತ್ರವನ್ನು ಗುಜರಿಗೆ ಹಾಕಲು ನಿರ್ಧರಿಸಿದರು. ಅದನ್ನು ನಡೆಸಬಲ್ಲ ಮೂವರೂ ಶಾರ್ಜಾದ ಪ್ರೆಸ್ಸುಗಳಿಗೆ ಹೋಗಿದ್ದರು. ಅವರಲ್ಲೊಬ್ಬ, ಚಾಮರಾಜಪೇಟೆಯ ದಾಕ್ಷಾಯಣಮ್ಮನ ಗಂಡ ದೊರೆಸ್ವಾಮಿ.

ಅದೇ ಅಂಗಡಿಗೆ ಕವರ್ ಅಂಟಿಸುತ್ತಿದ್ದ ದಾಕ್ಷಾಯಣಮ್ಮ ಸುದ್ದಿ ಕೇಳಿ ಮನೆಗೆ ಬಂದಾಗ ಅಣ್ಣ ನಾರಾಯಣಪ್ಪ ಕಾದಿದ್ದ.

"ಕೆಂಗೇರಿ ಹತ್ರ ಸೈಟ್ ನೋಡಿದೀನಿ. ದೊರೆಸ್ವಾಮಿ ಕಳಿಸಿದ್ದನ್ನ ಅಡ್ವಾನ್ಸ್ ಕೊಟ್ಬಿಡು."

"ಆ ದುಡ್ಡಲ್ಲಿ ಮೆಷಿನ್ ತಗೋತೀನಿ."

"ತಲೆ ಕೆಟ್ಟಿದೆಯೇನೇ? ಹಳೇ ಕಬ್ಬಿಣ! ಅದಕ್ಕೆ ದಿನಾ ಆರತಿ ಎತ್ತುತೀಯಾ?"

ಸ್ವಸಹಾಯ ಸಂಘ ನಡೆಸುವ ಪಕ್ಕದ ಮನೆಯ ಆಂಡಾಳ್ ಟೀಚರ್ ಒಳಗೆ ಬಂದರು. "ನಾರಾಯಣಪ್ಪ, ಹೊರಗಿಂದ ದುಡ್ಡು ಬರೋದು ಒಳ್ಳೇದೇ. ಮಕ್ಕಳ ಫೀಸ್ ಆಗುತ್ತೆ. ಆದ್ರೆ ಎಲ್ರೂ ಸೈಟಿಗೇ ಹಾಕಿದ್ರೆ ಸೈಟಿನ ರೇಟ್ ಏರುತ್ತೆ, ಅಷ್ಟೇ. ಇಲ್ಲಿ ಕೆಲಸ ಗೊತ್ತಿರೋ ಕೈ ಇಲ್ದೆ ಆರ್ಡರ್ ಶಿವಕಾಶಿಗೆ ಹೋಗ್ತಿದೆ. ಅಂಗಡಿ ಮುಚ್ಚಿದ್ರೆ ಕವರ್ ಅಂಟಿಸೋ ಹನ್ನೊಂದು ಹೆಂಗಸರ ಗತಿ ಏನು?"

"ಮೆಷಿನ್ ಒತ್ತೋರ್ಯಾರು? ನೀವಾ ಟೀಚರ್?"

"ನಾನು," ಎಂದಳು ದಾಕ್ಷಾಯಣಮ್ಮ. "ಆಷಾಢದಲ್ಲಿ ಮದುವೆ ಇಲ್ಲ, ಆರ್ಡರ್ ಇಲ್ಲ. ಕೆಟ್ರೆ ರದ್ದಿ ಕಾರ್ಡ್ ಕೆಡುತ್ತೆ. ಶ್ರಾವಣಕ್ಕೆ ಕಲ್ತಿರ್ತೀನಿ."

ಶುಕ್ರವಾರ ಟೀಚರ್ ಮನೆಗೆ ದೊರೆಸ್ವಾಮಿಯ ಫೋನ್ ಬಂತು. ದಾಕ್ಷಾಯಣಮ್ಮ ಮೆಷಿನ್ ವಿಷಯ ಹೇಳಿದಳು. "ಹುಡುಗಾಟ ಬೇಡ ಕಣೆ. ಸೈಟಾದ್ರೆ ನಮ್ಮದು ಅಂತ ಒಂದಿರುತ್ತೆ."

"ಇನ್ನೆರಡು ವರ್ಷಕ್ಕೆ ನಿಮ್ಮ ವೀಸಾ ಮುಗಿಯುತ್ತೆ. ವಾಪಸ್ ಬಂದು ಖಾಲಿ ಸೈಟಲ್ಲಿ ಕೂತ್ಕೋತೀರಾ? ಕೈಗೆ ಕೆಲಸ ಬೇಡ್ವಾ?"

ದೊರೆಸ್ವಾಮಿ ಸೈಟಿನ ಮಾತು ಬಿಟ್ಟ. "ಮೆಷಿನ್ ಬಿಸಿ ಜಾಸ್ತಿಯಾದ್ರೆ ಅಕ್ಷರ ಹರಡುತ್ತೆ. ಕಮ್ಮಿಯಾದ್ರೆ ಉದುರುತ್ತೆ. ಬರ್ಕೋ, ಹೇಳ್ತೀನಿ."

ಅವಳು ಯಂತ್ರ ಕೊಂಡು ಅದೇ ಅಂಗಡಿಯಲ್ಲಿ ಒತ್ತಲು ಕಲಿಯತೊಡಗಿದಳು. ಇನ್ನೂರು ಕಾರ್ಡು ಕೆಡಿಸಿದಳು, ಬೆರಳು ಸುಟ್ಟುಕೊಂಡಳು. ನಾರಾಯಣಪ್ಪ ದಿನವೂ ಬಂದು ನಕ್ಕ. ಶ್ರಾವಣದ ಮೊದಲ ವಾರ, ವಿಶ್ವೇಶ್ವರಪುರಂನ ಮದುವೆಯೊಂದರ ಪತ್ರಿಕೆಯನ್ನು ಅವಳು ಅವನ ಕೈಗಿಟ್ಟಳು.

"ನಾಳೆ ಉದುರಿ ಹೋಗುತ್ತೆ," ಎಂದ.

"ಉಜ್ಜಿ ನೋಡು."

ಹೆಬ್ಬೆರಳಿನಿಂದ ಉಜ್ಜಿದ. ಅಕ್ಷರ ಕದಲಲಿಲ್ಲ.

"ಇನ್ನೂ ಉಜ್ಜು!"

ನಾರಾಯಣಪ್ಪ ಕೈ ತೆಗೆದ. "ನನ್ನ ಮಗಳ ಮದುವೆ ಪತ್ರಿಕೇನೂ ನೀನೇ ಒತ್ತಮ್ಮ," ಎಂದ.

ದೂರದ ದೇಶದಲ್ಲಿ ದುಡಿಯುವವರ ಮನೆಯವರೇ, ಅವರು ಕಳಿಸುವ ಹಣದಲ್ಲಿ ಒಂದು ಪಾಲನ್ನಾದರೂ ನಿಮ್ಮ ಬೀದಿಯ ಕಸುಬಿಗೆ ಹಾಕಿ. ಹೋಗುವವರು ಹೋಗುವ ಮುನ್ನ ಇನ್ನೊಬ್ಬರಿಗೆ ಕೆಲಸ ಕಲಿಸಲಿ. ಯಾರಾದರೂ ನಕ್ಕರೆ ನಗಲಿ, ನೀವು ಯಂತ್ರ ನಿಲ್ಲಿಸಬೇಡಿ.