ಜೆಲ್‌ನ ತಳದ ಗೆರೆ

ಪ್ರಯೋಗಾಲಯದ ಮುಖ್ಯಸ್ಥೆಯನ್ನು ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ 'ಕತ್ತರಿ'. ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ.

ಅವರ ಕೈಕೆಳಗೆ ಮೆದು ಮಾತಿನ ವಿದ್ಯಾರ್ಥಿನಿಯೊಬ್ಬಳಿದ್ದಳು. ಉಪ್ಪುನೀರಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಹೊರಪೊರೆಯಿಂದ ಒಂದು ಪ್ರೋಟೀನ್ ಮಾಯವಾಗುತ್ತಿತ್ತು. ಏಕೆಂದು ಹುಡುಕುವುದು ಅವಳ ಕೆಲಸ. ಜೀನ್‌ನಿಂದ ಆರ್‌ಎನ್‌ಎ ಸಂದೇಶವೇನೋ ಹೊರಡುತ್ತಿತ್ತು, ಎಳ್ಳಷ್ಟೂ ಕಡಿಮೆಯಿಲ್ಲ. ಅದನ್ನು ಓದಿ ಪ್ರೋಟೀನ್ ಕಟ್ಟಬೇಕಾದ ರೈಬೋಸೋಮ್ ಮಾತ್ರ ಕೈಕಟ್ಟಿ ಕೂತಿತ್ತು.

ಆರ್‌ಎನ್‌ಎಗಳನ್ನು ಜೆಲ್‌ನಲ್ಲಿ ಓಡಿಸಿದರೆ ದೊಡ್ಡವು ಮೇಲೆ ಉಳಿದು ಚಿಕ್ಕವು ತಳಕ್ಕೆ ಇಳಿಯುತ್ತವೆ. ಒಂದು ಬೆಳಿಗ್ಗೆ ಅವಳು ಆ ಜೆಲ್‌ನ ಚಿತ್ರ ಮೂಡಿದ ಫಿಲ್ಮ್ ಹಿಡಿದು ಬಂದಳು. ಜೆಲ್‌ನ ತಳದಲ್ಲಿ ತೆಳ್ಳಗಿನ ಕಪ್ಪು ಗೆರೆ.

"ಮೇಡಂ, ಇದೊಂದು ಪುಟ್ಟ ಆರ್‌ಎನ್‌ಎ. ಉಪ್ಪು ಹಾಕಿದಾಗ ಮಾತ್ರ ಬರುತ್ತೆ. ಸಂದೇಶದ ಶುರುವಿನ ಅಕ್ಷರಗಳಿಗೆ ಸರಿಯಾಗಿ ಜೋಡಿ. ಅಲ್ಲಿ ಹೋಗಿ ಅಂಟಿಕೊಂಡ್ರೆ, ರೈಬೋಸೋಮ್‌ಗೆ ಕೂರೋಕೆ ಜಾಗಾನೇ..."

"ಕಸ ಅದು. ಮುರಿದ ಚೂರು," ಎಂದರು ಮೇಡಂ. "ಮತ್ತೆ ಮಾಡು."

"ಮೂರು ಸಲ ಮಾಡಿದೆ."

"ನಾಲ್ಕನೇ ಸಲ ಮಾಡು. ಜೆಲ್ ಇನ್ನೂ ಸ್ವಲ್ಪ ಹೊತ್ತು ಓಡಿಸು, ಕಸ ಹೊರಗೆ ಹೋಗುತ್ತೆ."

ಅವಳು ಹಾಗೇ ಮಾಡಿದಳು. ಗೆರೆ ಜೆಲ್‌ನ ತಳದಿಂದ ಹೊರಗೆ ಹರಿದುಹೋಯಿತು. ಫಿಲ್ಮ್ ಚೊಕ್ಕಟವಾಗಿತ್ತು, ಮೇಡಂಗೆ ಸಮಾಧಾನವಾಯಿತು. ಆ ವರ್ಷವೇ ಅವಳು ಸಂಶೋಧನೆ ಬಿಟ್ಟು ಒಂದು ಡೇರಿಯ ಹಾಲು ಪರೀಕ್ಷಿಸುವ ಕೋಣೆಗೆ ಸೇರಿದಳು.

ಆರು ವರ್ಷದ ಬಳಿಕ ವಿಜ್ಞಾನ ಪತ್ರಿಕೆಯೊಂದರಲ್ಲಿ ಬೇರೆಯವರ ಲೇಖನವೊಂದು ಬಂತು. ಅದೇ ಉಪ್ಪು, ಅದೇ ಪುಟ್ಟ ಆರ್‌ಎನ್‌ಎ. ಮೇಡಂ ಕಪಾಟು ಕೆದಕಿ ಹಳೆಯ ನೋಟ್‌ಬುಕ್ ತೆಗೆದರು. ಜೋಡಿ ಅಕ್ಷರಗಳನ್ನು ಅವಳು ಪೆನ್ಸಿಲ್‌ನಲ್ಲಿ ಎದುರುಬದುರು ಬರೆದಿಟ್ಟಿದ್ದಳು. ಒಂದೂ ತಪ್ಪಿರಲಿಲ್ಲ.

ಮರುದಿನ ಮೇಡಂ ಡೇರಿಗೆ ಹೋದರು. ತಲೆಗೆ ಟೋಪಿ, ಕೈಗೆ ಗ್ಲೌಸ್ ಹಾಕಿಕೊಂಡು ಅವಳು ಹಾಲಿನ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು.

"ತಪ್ಪು ನನ್ನದು ಕಣಮ್ಮಾ."

"ಲೇಖನ ಓದಿದೆ ಮೇಡಂ."

"ಅವತ್ತು ನನ್ನ ಜೊತೆ ಜಗಳ ಆಡಬಾರದಿತ್ತಾ?"

ಅವಳು ಬಾಟಲಿ ಕೆಳಗಿಟ್ಟಳು. "ನೀವು ಕಸ ಅಂದಿದ್ದನ್ನ ನಂಬಿಬಿಟ್ಟೆ. ಆಮೇಲೆ ನನ್ನ ಕಣ್ಣನ್ನೇ ನಂಬೋಕಾಗಲಿಲ್ಲ."

"ವಾಪಸ್ ಬಾ. ಜಾಗ ಇದೆ."

"ಬೇಡ ಮೇಡಂ. ಮಿಂಚಿಹೋಯ್ತು." ಸಿಟ್ಟಿಲ್ಲದೆ ಹೇಳಿದಳು; ಮೇಡಂಗೆ ಅದೇ ಹೆಚ್ಚು ಚುಚ್ಚಿತು.

ಆ ಗೆರೆಯನ್ನು ಮೊದಲು ಕಂಡವಳು ಯಾರು, ಅದನ್ನು ಹೊರಗೆ ಹರಿಸಿದವರು ಯಾರು ಎಂದು ಮೇಡಂ ಆ ಪತ್ರಿಕೆಗೆ ಪತ್ರ ಬರೆದರು. ಅಚ್ಚಾದ ಪ್ರತಿಯನ್ನು ಡೇರಿಗೂ ಕಳಿಸಿದರು. ಅವಳಿಂದ ಉತ್ತರ ಬರಲಿಲ್ಲ.